ಸಂಬಳ ನಿಂತ ಮೇಲೆ ಊರೂರು ಸುತ್ತಲು ನಾನು ಮಾಡಿಕೊಂಡ ಏರ್ಪಾಡು

ಕೆಲಸ ಬಿಟ್ಟೆ ಅಂದಾಗ ಮಂಡ್ಯದ ನೆಂಟರೆಲ್ಲ ಕೇಳಿದ್ದು ಒಂದೇ: 'ಬೇರೆ ಕಡೆ ಸಿಕ್ತಾ?' ಇಲ್ಲ, ಊರೂರು ಸುತ್ತಿ ಚಿತ್ರ ಬಿಡಿಸುತ್ತೀನಿ ಅಂದರೆ ಮುಖ ಮುಖ ನೋಡಿಕೊಂಡರು. ಸೋದರಮಾವ ಒಬ್ಬರು ಮಾತ್ರ 'ಹೊಟ್ಟೆಗೇನು ಮಾಡ್ತೀಯ?' ಅಂತ ನೇರವಾಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆಲ್ಲ ಗುಂಡಿಗೆ ಬೇಕು ಅನ್ನುತ್ತಾರೆ. ನನಗೆ ಗುಂಡಿಗೆಗಿಂತ ಲೆಕ್ಕದ ಪುಸ್ತಕ ಜಾಸ್ತಿ ಉಪಯೋಗಕ್ಕೆ ಬಂತು.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮನೆ ಮಂಡ್ಯದಲ್ಲಿ. ರೈಲಿನ ಪಾಸ್ ಇಟ್ಟುಕೊಂಡು ದಿನಾ ಓಡಾಟ. ಪಾಂಡವಪುರ ದಾಟುವ ಹೊತ್ತಿಗೆ ಅರ್ಧ ಬೋಗಿ ನಿದ್ದೆ ಹೋಗಿರುತ್ತಿತ್ತು. ನಿದ್ದೆ ಮಾಡುವವರು ಅಲುಗಾಡುವುದಿಲ್ಲ, ದುಡ್ಡೂ ಕೇಳುವುದಿಲ್ಲ. ಅವರನ್ನೇ ಬರೆದು ಬರೆದು ನನ್ನ ಕೈ ಪಳಗಿತು.

ಬಿಡುವ ಮುಂಚೆ ಮಾಡಿಕೊಂಡಿದ್ದು ಹೇಳುತ್ತೇನೆ. ಆರೋಗ್ಯ ವಿಮೆ ಮೊದಲು. ಕಂಪನಿ ಕೊಡುವ ಗುಂಪು ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಸಾಮಾನ್ಯವಾಗಿ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣ ಸಿಗುವುದಿಲ್ಲ. ಮೊದಲೇ ಬಿಪಿ, ಶುಗರ್ ಇದ್ದರೆ ಅದಕ್ಕೆ 3 ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಸಂಬಳ ಬರುತ್ತಿದ್ದಾಗಲೇ ನನ್ನ ಹೆಸರಲ್ಲಿ ಒಂದು ಪಾಲಿಸಿ ಮಾಡಿಸಿದೆ. ಕ್ರೆಡಿಟ್ ಕಾರ್ಡ್ ಕೂಡ ಅಷ್ಟೇ. ಸಂಬಳದ ಚೀಟಿ ಇಲ್ಲದವನನ್ನು ಬ್ಯಾಂಕಿನವರು ನೋಡುವ ರೀತಿಯೇ ಬೇರೆ ಅಲ್ವಾ?

ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಟ್ಟಾಗ ಕಂಪನಿ ಕೊಡುವ ಇಡಿಗಂಟಿಗೆ, ಸಾಮಾನ್ಯವಾಗಿ 5 ವರ್ಷ ಸತತ ಸೇವೆ ಆಗಿರಬೇಕು. ನಾನು ಬಿಟ್ಟಾಗ ಲೆಕ್ಕ ಹೀಗಿತ್ತು: ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಸೇವೆಯ ವರ್ಷಗಳಿಂದ ಗುಣಿಸಬೇಕು. ಬಂದ ಹಣವನ್ನು ಎಫ್‌ಡಿಗೆ ಹಾಕಿ, ಅದು ಅಮ್ಮನ ಔಷಧಿಗೆ ಅಂತ ಗೆರೆ ಎಳೆದೆ. ಸುತ್ತಾಟಕ್ಕೆ ಅದರಿಂದ ಒಂದು ರೂಪಾಯಿಯೂ ಇಲ್ಲ. ಪಿಎಫ್ ಮುಟ್ಟಲೇ ಇಲ್ಲ.

ಇನ್ನು ಸುತ್ತಾಟ. ದುಡ್ಡು ತಿನ್ನುವುದು ಊರಲ್ಲ, ಊರಿಂದ ಊರಿಗೆ ಹಾರುವುದು. ಎರಡು ದಿನಕ್ಕೊಂದು ಊರು ಅಂತ ಓಡಿದರೆ ಬಾಡಿಗೆ, ಆಟೋ, ಹೋಟೆಲ್ ಊಟ ಸೇರಿ ಜೇಬು ಖಾಲಿ. ಅದಕ್ಕೇ ನಾನು ಒಂದು ಕಡೆ ಹೋದರೆ ವಾರಗಟ್ಟಲೆ ಕೂರುತ್ತೇನೆ. ಹಂಪಿಗೆ ಹೋದಾಗ ಮಂಡ್ಯದಲ್ಲೇ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ, ಬೆಳಿಗ್ಗೆ ಹೊಸಪೇಟೆ. ಕಮಲಾಪುರದಲ್ಲಿ ವಾರದ ಲೆಕ್ಕದಲ್ಲಿ ರೂಮು. ದೂರದ ಊರಿಗಾದರೆ ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ಆ ದಿನವೇ ತೆಗೆದುಬಿಡುತ್ತೇನೆ. ಹೊತ್ತಲ್ಲದ ಹೊತ್ತಿಗೆ ಇಳಿದರೆ ಸ್ಟೇಷನ್ನಿನ ರಿಟೈರಿಂಗ್ ರೂಮ್ ಇದೆ. ಟಿಕೆಟ್ಟಿನ ಪಿಎನ್‌ಆರ್ ನಂಬರ್ ಇದ್ದರೆ ಆನ್‌ಲೈನಲ್ಲೇ ಸಿಗುತ್ತದೆ. ಹೋಟೆಲಿಗಿಂತ ಎಷ್ಟೋ ವಾಸಿ.

ಯಾವಾಗ ಹೋಗುವುದು ಅನ್ನುವುದನ್ನು ನಾನು ತೀರ್ಮಾನಿಸುವುದಿಲ್ಲ, ವಿಶ್ವೇಶ್ವರಯ್ಯ ನಾಲೆ ತೀರ್ಮಾನಿಸುತ್ತದೆ. ನಮಗೆ ಒಂದಿಷ್ಟು ಗದ್ದೆ ಇದೆ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಎಲ್ಲಿದ್ದರೂ ವಾಪಸ್ ಬರಬೇಕು, ಆಳು ಸಿಗುವುದೇ ಕಷ್ಟ. ಇದು ಒಂಥರಾ ಅನುಕೂಲವೇ. ಮಳೆಗಾಲದಲ್ಲಿ ಜಲವರ್ಣ ಹಿಡಿದು ಹೊರಗೆ ಕೂತರೆ ಬಣ್ಣ ಒಣಗುವುದಿಲ್ಲ, ಹಾಳೆ ಉಬ್ಬುತ್ತದೆ.

ಹಂಪಿಯಲ್ಲಿ ಇದರ ತದ್ವಿರುದ್ಧ. ಬಂಡೆಯ ನೆರಳಿಗೆ ನೀಲಿ ಹಚ್ಚಿ, ಅಂಚು ಕರಗಿಸೋಣ ಅಂತ ಕುಂಚ ತೊಳೆದು ಬರುವಷ್ಟರಲ್ಲಿ ಅಂಚು ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಈಗ ಹಾಳೆಯ ಹಿಂದು ಮುಂದು ಎರಡೂ ಕಡೆ ನೀರು ಹಚ್ಚಿ ಶುರು ಮಾಡುತ್ತೇನೆ. 300 ಜಿಎಸ್‌ಎಂ ತೂಕದ ದಪ್ಪ ಹತ್ತಿ ಹಾಳೆಯೇ ಆಗಬೇಕು, ತೆಳು ಹಾಳೆ ತಡೆಯುವುದಿಲ್ಲ. ಬಣ್ಣದಲ್ಲಿ ಜಿಪುಣತನ ಮಾಡಿ, ಹಾಳೆಯಲ್ಲಿ ಬೇಡ.

ದೂರ ಹೋಗುವ ಮುಂಚೆ ಮನೆ ಹತ್ತಿರವೇ ಕಲಿತೆ. ಬಸರಾಳು, ಹೊಸಹೊಳಲು, ಸೋಮನಾಥಪುರದ ಹೊಯ್ಸಳ ಗುಡಿಗಳಲ್ಲಿ. 13ನೇ ಶತಮಾನದ ಸೋಮನಾಥಪುರದ ಗುಡಿ ಎದುರು ಕೂತರೆ ತಲೆ ಕೆಡುತ್ತದೆ. ಕೆಳಗೆ ಆನೆ ಸಾಲು, ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ, ಆಮೇಲೆ ಪುರಾಣದ ಕಥೆಗಳು. ಒಂದೊಂದೇ ಆನೆ ಬರೆಯಲು ಹೊರಟರೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒಂದು ಮೂಲೆ ಮುಗಿದಿರುತ್ತದೆ, ಅಷ್ಟೆ. ಕಣ್ಣು ಅರ್ಧ ಮುಚ್ಚಿ ನೋಡಬೇಕು. ಆಗ ಆನೆ ಮಾಯವಾಗಿ, ಬಳಪದ ಕಲ್ಲಿನ ಮೇಲೆ ಅಡ್ಡಡ್ಡ ನೆರಳಿನ ಪಟ್ಟಿಗಳು ಉಳಿಯುತ್ತವೆ. ಅವನ್ನು ಹಾಕಿ, ಎಲ್ಲೋ ಎರಡು ಸೊಂಡಿಲು ತೋರಿಸಿದರೆ ಸಾಕು, ನೋಡುವವರು ಉಳಿದ ಆನೆಗಳನ್ನು ತಾವೇ ಎಣಿಸಿಕೊಳ್ಳುತ್ತಾರೆ. ಬೆಳಕಿನ ಪಾಠ ಬೇಕಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ. ರವಿವರ್ಮನದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ತೈಲವರ್ಣವೂ ಅಲ್ಲ, ಜಲವರ್ಣ!

ಮಾವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾನು ಎಣಿಸದ ಕಡೆ. ಹಂಪಿ ಚಿತ್ರಗಳನ್ನು ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ನಮ್ಮ ಕಡೆ ತೊಟ್ಟಿಮನೆಗಳನ್ನು ಕೆಡವಿ ಆರ್‌ಸಿಸಿ ಕಟ್ಟುತ್ತಿದ್ದಾರಲ್ಲ, ಅಂಥ ಮನೆಯ ಮಕ್ಕಳು ಬೆಂಗಳೂರಿನಿಂದ ಫೋನ್ ಮಾಡತೊಡಗಿದರು: ಕೆಡವುವ ಮುಂಚೆ ಒಂದು ಚಿತ್ರ ಬೇಕು. ಹೋಗಿ ಕೂತು ಜಗಲಿ, ಪಡಸಾಲೆ, ಮರದ ಕಂಬ, ಹೆಂಚಿನ ಇಳಿಜಾರು ಎಲ್ಲ ಬರೆಯುತ್ತೇನೆ. ಒಂದು ಮನೆಯಲ್ಲಿ ಅಜ್ಜಿ ಚಿತ್ರ ನೋಡಿ, 'ಒರಳುಕಲ್ಲು ಎಲ್ಲಪ್ಪ?' ಅಂದರು. ಅದು ಮೂಲೆಯಲ್ಲಿ ಹಳೇ ಸೈಕಲ್ ಹಿಂದೆ ಇತ್ತು. ಅವರ ಮಾತಿಗೆ ಸೈಕಲ್ ತೆಗೆದು ಕಲ್ಲು ಬರೆದೆ. ಮೊಮ್ಮಗನಿಗೆ ಸೈಕಲ್ಲೇ ಬೇಕಿತ್ತು! ಕೊನೆಗೆ ಎರಡು ಚಿತ್ರ ಆಯಿತು, ಎರಡಕ್ಕೂ ದುಡ್ಡು ಬಂತು.

ಸುತ್ತಾಟದ ಖರ್ಚು ಈಗ ಬಹುಪಾಲು ಇದರಿಂದಲೇ. ಕಾರ್ತಿಕದಿಂದ ಯುಗಾದಿವರೆಗೆ ಹೊರಗೆ, ಆಮೇಲೆ ಊರಲ್ಲಿ ಮನೆಗಳು, ನಡುವೆ ಗದ್ದೆ. ಅರ್ಧ ಹಣ ಮುಂಗಡ ತೆಗೆದುಕೊಳ್ಳುತ್ತೇನೆ. ನೆಂಟರಿಗೂ ಅದೇ ರೇಟು, ಕೆಲವರಿಗೆ ಬೇಜಾರಿದೆ, ಇರಲಿ. ನನ್ನ ತಕರಾರು ಒಂದೇ. ಜೆಸಿಬಿಗೆ ದಿನ ಗೊತ್ತು ಮಾಡಿದ ಮೇಲೆ ಫೋನ್ ಮಾಡುವವರೇ ಹೆಚ್ಚು. ಹೆಂಚು ಇಳಿಸುವ ಒಂದು ವಾರ ಮುಂಚೆ ಹೇಳಿದರೆ ಬೆಳಗಿನ ಬಿಸಿಲಲ್ಲೂ ಸಂಜೆಯ ಬಿಸಿಲಲ್ಲೂ ಕೂತು ನೋಡಿ ಬರೆಯಬಹುದು, ಫೋಟೋ ನೋಡಿ ಬರೆಯುವ ಕರ್ಮ ತಪ್ಪುತ್ತದೆ.