ಹಳೆಯ ಸ್ಟೀಲ್ ರೇಸರ್ ಕೊಳ್ಳುವಾಗ: ಬಣ್ಣ ಬಿಡಿ, ಸೀಟ್ ಪೋಸ್ಟ್ ತಿರುಗಿಸಿ

ಹಳೆಯ ರೇಸ್ ಸೈಕಲ್ ನೋಡಲು ಹೋದಾಗ ನಾನು ಮೊದಲು ಸೀಟಿನ ಕೆಳಗೆ ಸೀಟ್ ಪೋಸ್ಟನ್ನು (ಸೀಟು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ) ಬಿಗಿಹಿಡಿದ ಬೋಲ್ಟ್ ಸಡಿಲಿಸುತ್ತೇನೆ, ಮಾರುವವರನ್ನು ಕೇಳಿಯೇ. ಆಮೇಲೆ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವುದು. ತಿರುಗಿದರೆ ಮುಂದಿನ ಮಾತು. ತಿರುಗದಿದ್ದರೆ, ಬಣ್ಣ ಎಷ್ಟೇ ಮಿರುಗುತ್ತಿರಲಿ, ಬೆಲೆ ಅರ್ಧಕ್ಕಿಳಿಯಬೇಕು, ಇಲ್ಲವೇ ನಾನು ಮನೆಯ ದಾರಿ ಹಿಡಿಯಬೇಕು.

ಫ್ರೇಮು ಉಕ್ಕು, ಪೋಸ್ಟು ಅಲ್ಯೂಮಿನಿಯಂ. ನಡುವೆ ಮಳೆನೀರು, ಬೆವರಿನ ಉಪ್ಪು ಇಳಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಇಪ್ಪತ್ತು ವರ್ಷ ಇಂಗ್ಲೆಂಡಿನ ತೇವದ ಶೆಡ್ಡಿನಲ್ಲಿ ನಿಂತ ಸೈಕಲ್ಲಿನಲ್ಲಿ ಅದು ಬೆಣೆ ಹೊಡೆದಂತೆ ಕಚ್ಚಿಕೊಂಡಿರುತ್ತದೆ. ಇದಕ್ಕೆ ಬೆಂಕಿ ತೋರಿಸುವವರಿದ್ದಾರೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಾಗಾಗಿ ಬಿಗಿ ಇನ್ನೂ ಜಾಸ್ತಿಯಾಗುತ್ತದೆ. ಮೇಲಾಗಿ ಬಣ್ಣವೂ ಹೋಯಿತು. ನಾನು ಪೆಡಲ್ ಅಚ್ಚನ್ನು ಬಿಚ್ಚಿ ಫ್ರೇಮನ್ನು ತಲೆಕೆಳಗಾಗಿ ನಿಲ್ಲಿಸಿ, ಆ ಅಚ್ಚು ಕೂರುವ ಗೂಡಿನಿಂದ ಸೀಟ್ ಟ್ಯೂಬಿನೊಳಕ್ಕೆ (ಪೋಸ್ಟು ಇಳಿಯುವ ಫ್ರೇಮಿನ ಪೈಪು) ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ವಾರ ಬಿಡುತ್ತೇನೆ. ಆಮೇಲೆ ಸೀಟು ಕಳಚಿ, ಪೋಸ್ಟಿನ ತಲೆಯನ್ನು ವೈಸಿಗೆ ಕಚ್ಚಿಸಿ, ಫ್ರೇಮನ್ನೇ ಸನ್ನೆ ಮಾಡಿಕೊಂಡು ಹಿಂದೆ ಮುಂದೆ ಮೆಲ್ಲಗೆ ತಿರುಗಿಸುವುದು. ‘ಟಕ್’ ಅಂದರೆ ಕೆಲಸ ಆಯಿತು.

ಅದೂ ಆಗದಿದ್ದರೆ ಪೋಸ್ಟಿನ ಆಸೆ ಬಿಡಬೇಕು. ಫ್ರೇಮಿನಿಂದ ಎರಡು ಬೆರಳು ಮೇಲೆ ಅದನ್ನು ಕತ್ತರಿಸಿ, ಬರೀ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು, ಪೋಸ್ಟಿನ ಒಳಗಿನಿಂದ ಉದ್ದಕ್ಕೆ ಒಂದು ಸೀಳು ಕೊಯ್ಯುತ್ತಾ ಬರಬೇಕು. ಬೀಳುವ ಪುಡಿಯನ್ನು ನೋಡುತ್ತಿರಿ: ಬೆಳ್ಳಗೆ ಹೊಳೆಯುವುದು ಅಲ್ಯೂಮಿನಿಯಂ, ಕಪ್ಪು ಬೂದು ಬಣ್ಣ ಕಂಡ ಕ್ಷಣ ಬ್ಲೇಡು ಫ್ರೇಮನ್ನು ಮುಟ್ಟಿದೆ, ಅಲ್ಲೇ ನಿಲ್ಲಿಸಿ. ಸೀಳು ಪೂರ್ತಿಯಾದ ಮೇಲೆ ಇಕ್ಕಳದಿಂದ ಒಳಮುಖವಾಗಿ ಸುರುಳಿ ಸುತ್ತಿದರೆ ಬಿಟ್ಟುಕೊಳ್ಳುತ್ತದೆ. ಅರ್ಧ ದಿನದ ಕೂಲಿ, ಮುಂಗೈ ನೋವು ಬೇರೆ.

ಹ್ಯಾಂಡಲ್ಲನ್ನು ಹಿಡಿದು ಫ್ರೇಮಿನೊಳಗೆ ಇಳಿಯುವ ಸ್ಟೆಮ್ಮಿಗೂ ಇದೇ ಪರೀಕ್ಷೆ. ಮೇಲಿನ ಬೋಲ್ಟನ್ನು ಎರಡು ಮೂರು ಸುತ್ತು ಮಾತ್ರ ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಒಂದೇಟು ಕೊಟ್ಟರೆ ಒಳಗಿನ ಬೆಣೆ ಕೆಳಗಿಳಿಯುತ್ತದೆ. ಬೋಲ್ಟನ್ನು ಪೂರ್ತಿ ಬಿಚ್ಚಿ ಹೊಡೆಯುವುದರಿಂದ ಏನೂ ಸಿಗುವುದಿಲ್ಲ.

ನಂತರ ಫ್ರೇಮು. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಮುಂದೆ ಹ್ಯಾಂಡಲ್ಲಿನ ಕೆಳಗಿರುವ ಗಿಡ್ಡ ಪೈಪು ಹೆಡ್ ಟ್ಯೂಬ್, ಅಲ್ಲಿಂದ ಪೆಡಲ್ ಅಚ್ಚಿನ ಕಡೆಗೆ ಇಳಿಯುವುದು ಡೌನ್ ಟ್ಯೂಬ್. ಹೆಡ್ ಟ್ಯೂಬಿನಿಂದ ನಾಲ್ಕು ಬೆರಳು ಹಿಂದೆ, ಡೌನ್ ಟ್ಯೂಬಿನ ತಳಭಾಗದಲ್ಲಿ ಬೆರಳು ಸವರಿ. ಸಣ್ಣ ಅಲೆ, ಸುಕ್ಕು, ಬಣ್ಣದ ಬಿರುಕು ಸಿಕ್ಕರೆ ಆ ಸೈಕಲ್ ಯಾವುದಕ್ಕೋ ಮುಖಾಮುಖಿ ಗುದ್ದಿದೆ. ಪಕ್ಕದಿಂದ ನೋಡಿದರೆ ಫೋರ್ಕಿನ ಮೇಲಿನ ನೇರ ಭಾಗ ಹೆಡ್ ಟ್ಯೂಬಿನ ಗೆರೆಯಲ್ಲೇ ಇದ್ದು, ಕೆಳಗೆ ಮಾತ್ರ ಮುಂದಕ್ಕೆ ಬಾಗಿರಬೇಕು. ಹಿಂದಕ್ಕೆ ತಳ್ಳಿದಂತಿದ್ದರೆ ಅದು ಹೊಡೆತದ ಗುರುತು. ಮನೆಗೆ ತಂದ ಮೇಲೆ ದಾರದ ಲೆಕ್ಕ: ಹಿಂದಿನ ಗಾಲಿ ಕೂರುವ ಒಂದು ಬದಿಯ ಡ್ರಾಪ್‌ಔಟಿಗೆ ದಾರ ಕಟ್ಟಿ, ಹೆಡ್ ಟ್ಯೂಬ್ ಬಳಸಿ ಇನ್ನೊಂದು ಬದಿಗೆ ಎಳೆದು ಕಟ್ಟಿ. ಸೀಟ್ ಟ್ಯೂಬಿನಿಂದ ಎರಡೂ ದಾರಕ್ಕೆ ಇರುವ ಅಂತರ ಅಳೆದಾಗ ವ್ಯತ್ಯಾಸ 1–2 ಮಿ.ಮೀ. ಒಳಗಿದ್ದರೆ ಸಾಕು.

ಇನ್ನು ಪೈಪಿನ ಜಾತಿ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿಯ 531 ಪೈಪು 1935ರಲ್ಲಿ ಬಂತು. ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆತ ಉಕ್ಕು. ತುದಿಯಲ್ಲಿ ದಪ್ಪ, ನಡುವೆ ತೆಳ್ಳಗಿರುವ ಪೈಪಿಗೆ ಅವರು ಪೇಟೆಂಟ್ ತೆಗೆದದ್ದು ಇನ್ನೂ ಹಿಂದೆ, 1897ರಲ್ಲಿ. ಬೆಸುಗೆಯ ಬಿಸಿ ತಟ್ಟುವ ತುದಿಗೆ ಬಲ ಬೇಕು, ನಡುವಿನ ಭಾರ ಅನಗತ್ಯ ಎನ್ನುವುದೇ ಅದರ ತರ್ಕ. ಮಿಲಾನಿನ ಕೊಲಂಬಸ್ ಎಸ್‌ಎಲ್ ಪೈಪೂ ಹಾಗೆಯೇ, ಗೋಡೆಯ ದಪ್ಪ ತುದಿ–ನಡು–ತುದಿಯಲ್ಲಿ 0.9–0.6–0.9 ಮಿ.ಮೀ. ನಡುಮಧ್ಯೆ ಉಗುರಿನಿಂದ ಚಿಮ್ಮಿದರೆ ಸಣ್ಣಗೆ ಗಂಟೆಯ ನಾದ ಬರುತ್ತದೆ, ತುದಿಯಲ್ಲಿ ಮಂದ ಸದ್ದು.

ಸ್ಟಿಕ್ಕರನ್ನು ಮಾತ್ರ ನಂಬಬೇಡಿ. ಹೊಸ ಸ್ಟಿಕ್ಕರು ಯಾರು ಬೇಕಾದರೂ ಅಂಟಿಸಬಹುದು. ನಾನು ನಂಬುವುದು ಪೋಸ್ಟಿನ ವ್ಯಾಸ. ಇಂಗ್ಲಿಷ್ ಅಳತೆಯ ಸೀಟ್ ಟ್ಯೂಬಿನ ಹೊರವ್ಯಾಸ 28.6 ಮಿ.ಮೀ. ಅದರೊಳಗೆ 27.2ರ ಪೋಸ್ಟ್ ಕೂತಿದ್ದರೆ ಗೋಡೆ ತೆಳು, ಪೈಪು ಒಳ್ಳೆಯದು. ಪೋಸ್ಟು 25.4 ಇದ್ದರೆ ಅದು ದಪ್ಪ ಗೋಡೆಯ ಮಾಮೂಲಿ ಪೈಪು. ಫ್ರೆಂಚ್ ಫ್ರೇಮಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಹೊರವ್ಯಾಸ 28, ಹಾಗಾಗಿ 531 ಪೈಪಿಗೂ 26.4ರ ಪೋಸ್ಟೇ ಸರಿ. ಸ್ಟಿಕ್ಕರ್ ಅಸಲಿಯಾಗಿದ್ದರೂ ಓದಿ ನೋಡಿ. ಕೆಲವದರಲ್ಲಿ ಮುಖ್ಯ ಮೂರು ಪೈಪು ಮಾತ್ರ 531 ಎಂದು ಬರೆದಿರುತ್ತದೆ, ಫೋರ್ಕು ಮತ್ತು ಹಿಂದಿನ ಗಾಲಿ ಹಿಡಿಯುವ ಸ್ಟೇಗಳು ಸಾದಾ ಉಕ್ಕು. ಡ್ರಾಪ್‌ಔಟ್ ದಪ್ಪವಾಗಿ ಫೋರ್ಜ್ ಮಾಡಿದ್ದಾಗಿ, ಇಟಲಿಯ ಬಿಡಿಭಾಗ ಕಂಪನಿ ‘ಕಾಂಪಾನೊಲೊ’ದ ಹೆಸರು ಒತ್ತಿದ್ದರೆ ತಯಾರಿಸಿದವರು ಖರ್ಚಿಗೆ ಹಿಂಜರಿದಿಲ್ಲ ಎಂದರ್ಥ. ತಗಡಿನಂತೆ ಚಪ್ಪಟೆಯಾಗಿದ್ದು, ಡಿರೇಲರನ್ನು (ಚೈನ್ ಸರಿಸಿ ಗೇರ್ ಬದಲಿಸುವ ಭಾಗ) ಬೇರೆ ಪಟ್ಟಿಯಿಂದ ಸಿಕ್ಕಿಸಿದ್ದರೆ ಅಗ್ಗದ ಮಾಲು.

ವರ್ಷ ತಿಳಿಯಲು ಬಿಡಿಭಾಗಗಳೇ ಸಾಕ್ಷಿ. ಕಾಂಪಾನೊಲೊ ನುವೊವೊ ರೆಕಾರ್ಡ್ ಹಿಂದಿನ ಡಿರೇಲರಿನ ಮೇಲೆ ‘ಪೇಟೆಂಟ್ 76’ ಎಂದಿದ್ದರೆ 1976. ಜಪಾನಿನ ಶಿಮಾನೊ ಭಾಗಗಳಲ್ಲಿ ಎರಡಕ್ಷರದ ಗುರುತು ಇರುತ್ತದೆ: ಮೊದಲನೆಯದು ವರ್ಷ, ‘ಎ’ ಅಂದರೆ 1976, ಎರಡನೆಯದು ತಿಂಗಳು. ಒಂದು ಭಾಗದ ವರ್ಷ ಫ್ರೇಮಿನ ವರ್ಷವಲ್ಲ, ನಾಲ್ಕಾರು ಭಾಗ ಒಂದೇ ಮಾತು ಹೇಳಬೇಕು. ಇಟಲಿಯ ಗಾಯೋಲೆಯಲ್ಲಿ 1997ರಿಂದ ನಡೆಯುವ, ಹಳೆಯ ಸೈಕಲ್‌ಗಳ ಎರೋಯಿಕಾ ಸವಾರಿಗೆ ಹೋಗುವ ಆಸೆಯಿದ್ದರೆ ಈ ಲೆಕ್ಕ ಬೇಕೇ ಬೇಕು: 1987 ಅಥವಾ ಅದಕ್ಕೂ ಹಿಂದಿನ ಸ್ಟೀಲ್ ಸೈಕಲ್, ಡೌನ್ ಟ್ಯೂಬಿನ ಮೇಲೆ ಗೇರ್ ಲಿವರ್, ಪಾದ ಕಟ್ಟುವ ಬೆಲ್ಟಿನ ಪೆಡಲ್, ಹ್ಯಾಂಡಲ್ಲಿನಿಂದ ಹೊರಗೆ ಬಾಗಿದ ಬ್ರೇಕ್ ಕೇಬಲ್.

ಹೆಸರುಗಳ ಬಗ್ಗೆ ಒಂದು ಮಾತು. ನಮ್ಮೂರಿನ ಸೈಕಲ್‌ಗಳ ಮೇಲೆ ಕಂಡ ಹರ್ಕ್ಯುಲಿಸ್, ಬಿಎಸ್‌ಎ ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನಲ್ಲೇ. ಅಲ್ಲಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿಯೇ 1949ರಲ್ಲಿ ಮದರಾಸಿನ ಟಿಐ ಸೈಕಲ್ಸ್ ಶುರುವಾದದ್ದು. ಆದ್ದರಿಂದ ಇಂಗ್ಲೆಂಡಿನ ಸಂತೆಯಲ್ಲಿ ಈ ಹೆಸರು ಕಂಡು ನಮ್ಮವರು ಸಲುಗೆಯಿಂದ ಕೈ ಚಾಚುತ್ತಾರೆ. ಅಲ್ಲೂ ಅವುಗಳಲ್ಲಿ ಬಹುಪಾಲು ಸಾದಾ ಪೈಪಿನವೇ. ಪೋಸ್ಟ್ ಅಳೆಯದೆ ದುಡ್ಡು ಬಿಚ್ಚಬೇಡಿ.

ಅತಿ ಹೆಚ್ಚು ಹಾನಿ ಮಾಡಿಕೊಳ್ಳುವುದು ಪೆಡಲ್ ಅಚ್ಚಿನ ಗೂಡಿನಲ್ಲಿ. ಗೂಡಿನ ಅಗಲ ಅಳೆಯಿರಿ. 68 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಇಂಗ್ಲಿಷ್ ಥ್ರೆಡ್, ಚೈನಿನ ಬದಿಯ ಬೇರಿಂಗ್ ಕಪ್ಪು (ಗೂಡಿಗೆ ತಿರುಗಿಸಿ ಕೂರಿಸುವ ಬಟ್ಟಲು) ಉಲ್ಟಾ: ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತದೆ. 70 ಇದ್ದರೆ ಇಟಾಲಿಯನ್, ಎರಡೂ ಬದಿ ಮಾಮೂಲಿ ಥ್ರೆಡ್. ಅದಕ್ಕೇ ಅದರ ಬಲಗಪ್ಪು ತುಳಿಯುತ್ತ ತುಳಿಯುತ್ತ ತಾನಾಗಿ ಸಡಿಲವಾಗುತ್ತದೆ; ಥ್ರೆಡ್ ಲಾಕ್ ಹಾಕಿ ಬಿಗಿಯಬೇಕು. ಫ್ರೆಂಚ್ ಗೂಡೂ 68 ಇರಬಹುದು, ಆದರೆ ಎರಡೂ ಕಡೆ ಮಾಮೂಲಿ ಥ್ರೆಡ್. ಕಪ್ಪಿನ ಮೇಲೆ ಕೆತ್ತಿದ್ದು ಓದದೆ ಪಾನ ಹಾಕಲೇಬೇಡಿ. 71 ಅಥವಾ 76 ಇದ್ದರೆ ನಾಟಿಂಗ್‌ಹ್ಯಾಮಿನ ರಾಲಿ ಕಾರ್ಖಾನೆಯ ಸ್ವಂತ ಥ್ರೆಡ್, ಇಂಚಿಗೆ 26 ಸುತ್ತು. ಅಂಗಡಿಯ ಹೊಸ ಕಪ್ಪು ಅದಕ್ಕೆ ಕೂರುವುದಿಲ್ಲ. ಹಳೆಯದನ್ನೇ ತೊಳೆದು, ಹೊಸ ಬಾಲ್ಸ್ ಹಾಕಿ ಉಳಿಸಿಕೊಳ್ಳಬೇಕು.

ಬಾಲ್ಸ್ ಲೆಕ್ಕ: ಪೆಡಲ್ ಅಚ್ಚಿಗೆ ಬದಿಗೆ 11ರಂತೆ 22, ಹಿಂದಿನ ಹಬ್ಬಿಗೆ ಬದಿಗೆ 9ರಂತೆ 18, ಎರಡೂ ಕಾಲಿಂಚಿನವು. ಮುಂದಿನ ಹಬ್ಬಿಗೆ ಹೆಚ್ಚಾಗಿ 3/16 ಇಂಚಿನವು, ಬದಿಗೆ 10. ಹಳೆಯ ಬಾಲ್ಸ್ ನುಣುಪಾಗಿ ಕಂಡರೂ ಎಸೆಯಿರಿ. ಹೊಸದರ ಬೆಲೆ ಚಹಾ ದುಡ್ಡು.

ಗಾಲಿಯಲ್ಲಿ ಎರಡು ಅಂಶ. ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರ 5 ಗೇರಿನ ಕಾಲಕ್ಕೆ 120 ಮಿ.ಮೀ., 6–7 ಗೇರಿಗೆ 126, ಆಮೇಲಿನದಕ್ಕೆ 130. ಉಕ್ಕಾದ್ದರಿಂದ 126ನ್ನು 130ಕ್ಕೆ ಬಗ್ಗಿಸಬಹುದು, ಬದಿಗೆ 2 ಮಿ.ಮೀ. ಮಾತ್ರ, ದಾರ ಕಟ್ಟಿ ಎರಡೂ ಬದಿ ಸಮ ಇದೆಯೇ ಮತ್ತೆ ನೋಡಬೇಕು. ಎರಡನೆಯದು ಟೈರು. ಹಳೆಯ 27 ಇಂಚಿನ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 630 ಮಿ.ಮೀ., ಈಗಿನ 700ಸಿ ರಿಮ್ಮಿನಲ್ಲಿ 622. ರಿಮ್ಮು ಬದಲಿಸಿದರೆ ಬ್ರೇಕ್ ಶೂ 4 ಮಿ.ಮೀ. ಕೆಳಗಿಳಿಯಬೇಕು, ಬ್ರೇಕಿನ ತೋಳಿನ ಸೀಳಿನಲ್ಲಿ ಅಷ್ಟು ಜಾಗ ಇದೆಯೇ ಮೊದಲೇ ಅಳೆಯಿರಿ. ಸೈಕಲ್ಲನ್ನು ಊರಿಗೆ ತರುವವರು 27ರ ಟೈರನ್ನೂ ಜೊತೆಗೇ ತನ್ನಿ. ನಮ್ಮ ಅಂಗಡಿಯಲ್ಲಿ ಸಿಗುವ 28×1½ ಟೈರು 635ರದ್ದು. ಕೈಯಲ್ಲಿ ಸಲೀಸಾಗಿ ಕೂರುತ್ತದೆ, ಗಾಳಿ ತುಂಬಿದಾಗ ಹಾರಿಹೋಗುತ್ತದೆ. ಕ್ರೋಮ್ ಮಾಡಿದ ಸ್ಟೀಲ್ ರಿಮ್ಮು ಚೆಂದ, ಮಳೆಯಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ನಾನು ತೆಗೆದುಬಿಡುತ್ತೇನೆ.

ಉಕ್ಕಿನ ಫ್ರೇಮು ಐವತ್ತು ವರ್ಷ ಬಾಳುತ್ತದೆ, ಅಲ್ಯೂಮಿನಿಯಂ ಹ್ಯಾಂಡಲ್ಲಿಗೆ ಆ ಆಯಸ್ಸಿಲ್ಲ. ಸ್ಟೆಮ್ ಹಿಡಿಯುವ ಜಾಗದಲ್ಲಿ ಗೀರು ಕಂಡರೆ ಬದಲಿಸಿ. ಹಳೆಯ ಕಾಂಪಾನೊಲೊ ಕ್ರ್ಯಾಂಕಿನಲ್ಲಿ ಪೆಡಲಿನ ತೋಳು ಮತ್ತು ಹಲ್ಲಿನ ಚಕ್ರ ಹಿಡಿಯುವ ಪಂಚಕವಲು ಸೇರುವ ಮೂಲೆಯಲ್ಲಿ ಬಿರುಕು ಬರುವುದುಂಟು. ಪೆಟ್ರೋಲಿನಲ್ಲಿ ಒರೆಸಿ, ಒಣಗಿದ ಮೇಲೆ ಉಗುರು ಎಳೆದು ನೋಡಿ.

ಮೇಲ್ತುಕ್ಕಿಗೆ ಆಕ್ಸಾಲಿಕ್ ಆಸಿಡ್ ಸಾಕು: ಲೀಟರಿಗೆ ಸುಮಾರು 20 ಗ್ರಾಂ, ಒಂದು ರಾತ್ರಿ ನೆನೆಹಾಕಿ, ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆಯುವುದು. ಇದು ವಿಷ, ಗ್ಲೌಸ್ ಬೇಕು, ಮಕ್ಕಳಿಗೂ ನಾಯಿಗೂ ಸಿಗದ ಜಾಗ ಬೇಕು. ಪೈಪಿನ ಒಳಮೈಗೆ ಅಗಸೆ ಎಣ್ಣೆ ಸುರಿದು ಫ್ರೇಮನ್ನು ಎಲ್ಲ ಕಡೆ ಹೊರಳಿಸಿ ಬಸಿಯಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ; ಹೊರಗೆ ಹರವಿ ಒಣಗಿಸಿ.

ಜೋಡಿಸುವಾಗ ಪೋಸ್ಟಿಗೂ ಸ್ಟೆಮ್ಮಿಗೂ ಧಾರಾಳವಾಗಿ ಗ್ರೀಸ್ ಹಚ್ಚಿ, ವರ್ಷಕ್ಕೊಮ್ಮೆ ಹೊರತೆಗೆದು ಮತ್ತೆ ಹಚ್ಚಿ. ಮೊದಲ 50 ಕಿ.ಮೀ. ಓಡಿಸಿದ ಮೇಲೆ ಕ್ರ್ಯಾಂಕ್ ಬೋಲ್ಟನ್ನು ಇನ್ನೊಮ್ಮೆ ಬಿಗಿಯಿರಿ. ಕಾಟರ್ ಪಿನ್ನಿನ (ತೋಳನ್ನು ಅಚ್ಚಿಗೆ ಬಿಗಿಯುವ ಬೆಣೆಯಾಕಾರದ ಪಿನ್) ಕ್ರ್ಯಾಂಕಾದರೆ ನಟ್ಟನ್ನೇ ತಿರುಗಿಸಿ ಬಿಗಿಸಲು ಹೋಗಬೇಡಿ, ಥ್ರೆಡ್ ಕಿತ್ತುಬರುತ್ತದೆ: ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಕೊಟ್ಟು, ಪಿನ್ನನ್ನು ಒತ್ತಿ ಕೂರಿಸಿ, ಆಮೇಲೆ ನಟ್ಟು.