ವಾಸನೆ ಇಲ್ಲದ ಕಿಚನ್ ಆಗಲ್ಲ ಅಂದಿದ್ದರು

ಎರಡು ವರ್ಷದ ಹಿಂದೆ ಸೇಡಂ ರಸ್ತೆ ಕಡೆ ಒಂದು ಮನೆಗೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಕಿಚನ್ ಮಾಡಿಕೊಟ್ಟಿದ್ದೆ. ಹೊರಗಡೆ ಲ್ಯಾಮಿನೇಟ್ ಮಿಂಚು, ಒಳಗೆ ಬರೀ ಹಲಗೆ. ಏಪ್ರಿಲ್‌ನಲ್ಲಿ ಮನೆಯವರ ಫೋನ್ ಬಂತು. "ಅಣ್ಣಾ, ಕಪಾಟ ತೆಗೆದ್ರ ಕಣ್ಣು ಉರ್ಯಾಕತ್ತಾವ್ರಿ." ಹೊಸದು, ಹೋಗುತ್ತೆ ಅಂದು ಜಾರಿಕೊಂಡೆ. ಹೋಗಲಿಲ್ಲ. ನಮ್ಮ ಕಲಬುರಗಿಯ 43 ಡಿಗ್ರಿ, ಮೇಲೆ ಕೂಲರ್ ತೇವ. ಹಲಗೆಯೊಳಗಿನ ಯೂರಿಯಾ ಅಂಟು ಫಾರ್ಮಾಲ್ಡಿಹೈಡ್ ಅನ್ನೋ ಕಣ್ಣುರಿಸೋ ಅನಿಲ ಬಿಡೋಕೆ ಇನ್ನೇನು ಬೇಕು? ಕಿತ್ತು ಬೇರೆ ಹಾಕಿಕೊಟ್ಟೆ. ಕೈಯಿಂದ ಸುಮಾರು 45 ಸಾವಿರ ಹೋಯಿತು.

ಮುಂದಿನ ಕೆಲಸಕ್ಕೆ ಎಫ್‌ಎಸ್‌ಸಿ ಸ್ಟಿಕ್ಕರ್ ಇದ್ದ ಪ್ಲೈ ತಂದೆ. ಅದಕ್ಕೂ ಅದೇ ಘಾಟು! ಎಫ್‌ಎಸ್‌ಸಿ ಹೇಳೋದು ಮರ ಎಂಥ ಕಾಡಿನಿಂದ ಬಂತು ಅಂತ, ಅಂಟಿನ ಮಾತು ಅದರಲ್ಲಿಲ್ಲ. ಅದೂ ಬಿಲ್ ಮೇಲೆ ಸರ್ಟಿಫಿಕೇಟ್ ಕೋಡ್ ಇರಲಿಲ್ಲ. ಬರೀ ಸ್ಟಿಕ್ಕರ್ ನಂಬಿ ದುಡ್ಡು ಕೊಟ್ಟವನು ನಾನೇ.

ಈಗ 710 ಗ್ರೇಡ್ (ನೀರು ತಡೆಯೋ ಮರೀನ್ ಪ್ಲೈ), ಯೂರಿಯಾ ಅಂಟಿಗಿಂತ ಕಡಿಮೆ ಅನಿಲ ಬಿಡೋ ಫೀನಾಲ್ ಅಂಟಿನ ಪ್ಲೈ ಮಾತ್ರ. ಇ0, ಇ1 ಅಂದರೆ ಹಲಗೆ ಎಷ್ಟು ಫಾರ್ಮಾಲ್ಡಿಹೈಡ್ ಬಿಡುತ್ತೆ ಅನ್ನೋ ದರ್ಜೆ. ಇ0 ಅನ್ನೋದನ್ನ ಒಬ್ಬೊಬ್ಬರು ಒಂದೊಂದು ರೀತಿ ಬರೀತಾರೆ, ಅದಕ್ಕೆ ಟೆಸ್ಟ್ ರಿಪೋರ್ಟ್ ಕೇಳ್ತೀನಿ. ಇ1 ಅಂದರೆ ಟೆಸ್ಟ್ ಮಾಡೋ ಮುಚ್ಚಿದ ಚೇಂಬರ್ ಗಾಳಿಯಲ್ಲಿ 0.1 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಆಸುಪಾಸು, ಕ್ಯಾಲಿಫೋರ್ನಿಯಾದ ಕಾರ್ಬ್ ಫೇಸ್ 2 ನಿಯಮದಲ್ಲಿ ಪ್ಲೈಗೆ 0.05. ಶೀಟಿಗೆ 700-800 ರೂಪಾಯಿ ಜಾಸ್ತಿ ಬೀಳುತ್ತೆ. 14 ಶೀಟಿನ ಕಿಚನ್ನಿಗೆ ಹತ್ತು-ಹನ್ನೊಂದು ಸಾವಿರ. ಅಂಗಡಿಯವರು ನಕ್ಕರು, "ಇಲ್ಲಿ ಯಾರ್ ಕೇಳ್ತಾರ ಇದನ್ನ?"

ಆನ್‌ಲೈನ್‌ನಲ್ಲಿ ಅಗ್ಗದ ಫಾರ್ಮಾಲ್ಡಿಹೈಡ್ ಮೀಟರೊಂದು ತರಿಸಿದ್ದೆ. ಸ್ಯಾನಿಟೈಸರ್ ಹಚ್ಚಿದ ಕೈ ಹತ್ತಿರ ತಂದರೂ ಮುಳ್ಳು ಮೇಲೇರಿದ ಹಾಗೆ ಅಂಕಿ ಏರುತ್ತಿತ್ತು. ಮೂಲೆಗೆ ಬಿಸಾಕಿದೆ. ಅದಕ್ಕಿಂತ ಉಪ್ಪಿನಕಾಯಿ ಬಾಟಲಿ ವಾಸಿ. ಚೆನ್ನಾಗಿ ತೊಳೆದು, ಎರಡು ಬೆರಳಗಲದ ಪ್ಲೈ ತುಂಡು ಹಾಕಿ, ಮುಚ್ಚಿ, ಮಾಳಿಗೆ ಬಿಸಿಲಲ್ಲಿ ಒಂದು ದಿನ ಇಡಿ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಗೊತ್ತಾಗುತ್ತೆ. ಇದು ಸರ್ಟಿಫಿಕೇಟ್ ಅಲ್ಲ, ಎರಡು ಮಾಲು ಹೋಲಿಸೋಕೆ ಅಷ್ಟೇ.

ಸಿಂಕ್ ಕೆಳಗೆ ಪ್ಲೈಯೇ ಬೇಡ ಅಂತ ಶಹಾಬಾದ್ ಫರಸಿ ಕೂರಿಸಿ ನೋಡಿದೆ. ಅಂಟಿಲ್ಲ, ಕೊಳೆಯಲ್ಲ. ಆದರೆ ಮೊದಲ ಸಲ ಭಾರಕ್ಕೆ ಕಪಾಟೇ ಬಾಗಿತು. ಈಗ ಕಲ್ಲಿನ ಭಾರ ಗೋಡೆಗೇ ಕೊಟ್ಟುಬಿಡ್ತೀನಿ.

ನನ್ನ ಜೊತೆಯವರು ಹೆಚ್ಚು ಎಡವೋದು ಅಂಚಿನಲ್ಲಿ. ಹಲಗೆ ಎಷ್ಟೇ ಒಳ್ಳೇದಿರಲಿ, ಕೊಯ್ದ ಅಂಚು, ಹಿಂಜ್ ತೂತು, ಹಿಂದಿನ ಮೈ ತೆರೆದಿದ್ದರೆ ಘಾಟು ಅಲ್ಲಿಂದಲೇ ಬರುತ್ತೆ. ಬ್ಯಾಂಡಿಂಗ್ (ಅಂಚು ಮುಚ್ಚೋ ಪಟ್ಟಿ) ನಾಲ್ಕೂ ಕಡೆ ಇರಬೇಕು, ಕಾಣದ ಕಡೆಯೂ. ತೂತುಗಳಿಗೆ ನಾನು ಏನು ಹಚ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ.

ಹೋದ ಬೇಸಿಗೆ ಅದೇ ಸೇಡಂ ರಸ್ತೆಯವರ ತಂಗಿ ಮನೆಗೆ ಈ ರೀತಿ ಮಾಡಿದೆ. ಮೇ ತಿಂಗಳಲ್ಲಿ ಹೋಗಿ ಒಂದೊಂದೇ ಕಪಾಟಿಗೆ ತಲೆ ಹಾಕಿ ಮೂಸಿದೆ. ಜೀರಿಗೆ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಮರುವಾರ ನಕ್ಕಿದ್ದ ಅಂಗಡಿಯವರದೇ ಫೋನ್: "ಆ ತೂತಿಗೆ ಏನ್ ಹಚ್ತೀರಿ ಹೇಳ್ರಿ."