ಊರಿನ ದಾಖಲೆಗಳಲ್ಲಿ ಹೆಣ್ಣುಮಕ್ಕಳನ್ನು ಹುಡುಕುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಊರಿನ ಚರಿತ್ರೆ ಬರೆಯುವವರು ಪಟೇಲರು, ಶಾನುಭೋಗರು, ಗುಡಿ ಕಟ್ಟಿಸಿದವರು ಎಂದು ಬರೆದು ಮುಗಿಸುತ್ತಾರೆ. ಹೆಂಗಸರೆಲ್ಲಿ ಎಂದರೆ ಓಬವ್ವನ ಹೆಸರು ಹೇಳುತ್ತಾರೆ. ಬೇರೆಯವರೂ ದಾಖಲೆಯಲ್ಲಿದ್ದಾರೆ, ಹುಡುಕುವ ಜಾಗ ಗೊತ್ತಿರಬೇಕು ಅಷ್ಟೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಶುರುಮಾಡಿ. ಸರ್ವೆ ನಂಬರ್ ಬರೆದು ಅರ್ಜಿ ಕೊಟ್ಟು, ಕೈಬರಹದ ಹಳೇ ಪಹಣಿ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ನಕಲು ಪಡೆಯಿರಿ. ಖಾತೆದಾರರ ಕಾಲಂ ತುಂಬ ಗಂಡಸರೇ ಇರುತ್ತಾರೆ. ನೀವು ಹುಡುಕಬೇಕಾದದ್ದು ‘ಮೈನರ್ ಗಾರ್ಡಿಯನ್ ತಾಯಿ’ ಎಂಬ ಸಾಲು. ಗಂಡ ತೀರಿಕೊಂಡ ಮೇಲೆ ಮಗ ಪ್ರಾಪ್ತನಾಗುವವರೆಗೆ ಜಮೀನಿನ ಜವಾಬ್ದಾರಿ ಹೊತ್ತವಳು ಅವಳು. ಮಗನ ಹೆಸರಿಗೆ ಖಾತೆಯಾದ ಕೂಡಲೇ ಅವಳ ಹೆಸರು ಮಾಯ. ಎರಡೂ ಮ್ಯುಟೇಶನ್‌ಗಳ ನಂಬರ್, ತಾರೀಕು ಬರೆದುಕೊಂಡರೆ ಅವಳ ಕಾಲ ಸಿಗುತ್ತದೆ. ಅರಿಶಿನ-ಕುಂಕುಮಕ್ಕೆಂದು ಮಗಳಿಗೆ ಜಮೀನು ಬರೆದುಕೊಟ್ಟ ಪತ್ರಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ.

ಎಡವುವುದು ಇಲ್ಲಿ: ಮದುವೆಯಲ್ಲಿ ಹೆಸರು ಬದಲಾಗಿರುತ್ತದೆ. ತವರಿನ ಕಾಗದದ ಗಂಗಮ್ಮ, ಗಂಡನೂರಿನಲ್ಲಿ ‘ಗೌರಮ್ಮ ಕೋಂ ಬಸಪ್ಪ’, ಅಂದರೆ ಬಸಪ್ಪನ ಹೆಂಡತಿ ಗೌರಮ್ಮ. ಒಬ್ಬಳನ್ನು ಇಬ್ಬರೆಂದು ಲೆಕ್ಕ ಹಾಕುತ್ತೀರಿ. ಒಬ್ಬೊಬ್ಬರಿಗೂ ಒಂದು ಚೀಟಿ ಮಾಡಿ ಎರಡೂ ಹೆಸರು, ಎರಡೂ ಊರು, ಅಡ್ಡಹೆಸರು ಬರೆಯಿರಿ.

ಶಾಸನಕ್ಕೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಗಳ ಹಳೇ ಆವೃತ್ತಿ ನೋಡುವವರು ಈಗಿನ ಜಿಲ್ಲೆ ಮರೆಯಿರಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಚಿತ್ರದುರ್ಗ, ದಾವಣಗೆರೆ ತಾಲ್ಲೂಕುಗಳು 11ನೇ ಸಂಪುಟದಲ್ಲಿವೆ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದ ಜೊತೆ 7ನೆಯದರಲ್ಲಿ. ಅಬ್ಬೆ, ಅವ್ವೆ, ಗವುಡಿ, ಅರಸಿ ಎಂದು ಮುಗಿಯುವ ಹೆಸರುಗಳನ್ನು ಗುರುತುಮಾಡಿ. ಸತಿ ಹೋದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲು ಗುರುತಿಸುವುದು ಸುಲಭ: ಕಂಬದಿಂದ ಹೊರಟ, ಮೊಣಕೈ ಮಡಿಸಿ ಮೇಲೆತ್ತಿದ ಬಳೆಗೈ, ಬೆರಳುಗಳ ನಡುವೆ ನಿಂಬೆಹಣ್ಣು. ಎಷ್ಟೋ ಕಲ್ಲುಗಳಲ್ಲಿ ಹೆಸರೇ ಇಲ್ಲ. ಸತ್ತ ರೀತಿಯೊಂದೇ ದಾಖಲು. ಅಕ್ಷರದ ಮೇಲೆ ಸುಣ್ಣ, ಎಣ್ಣೆ, ಸೀಮೆಸುಣ್ಣ ಬೇಡ, ಕಲ್ಲು ಹಾಳಾಗುತ್ತದೆ. ಬೆಳಗಿನ ಓರೆ ಬಿಸಿಲಲ್ಲಿ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ.

ಕೊನೆಗೆ ಅಜ್ಜಿಯರು. ಮಂಡಕ್ಕಿ ಭಟ್ಟಿಯಲ್ಲಿ ದುಡಿದವರನ್ನು ‘ಏನು ಕೆಲಸ ಮಾಡ್ತಿದ್ರಿ’ ಎಂದರೆ ‘ಏನಿಲ್ಲ, ಮನೇಲೇ ಇದ್ದೆ’ ಎಂದುಬಿಡಬಹುದು. ‘ಅಜ್ಜಿ, ಭಟ್ಟಿಗೆ ಎಷ್ಟೊತ್ತಿಗೆ ಹೋಗ್ತಿದ್ರಿ? ಮಂಡಕ್ಕಿ ಹುರಿಯೋರು ಯಾರು, ಜರಡಿ ಹಿಡಿಯೋರು ಯಾರು? ಕೂಲಿ ಯಾರ ಕೈಗೆ ಕೊಡ್ತಿದ್ರು?’ ಎಂದು ಕೇಳಿ. ಮಗ ಪಕ್ಕದಲ್ಲಿದ್ದರೆ ಉತ್ತರ ಅವನೇ ಕೊಡುತ್ತಾನೆ. ಅವನು ಕೆಲಸಕ್ಕೆ ಹೋದ ಮೇಲೆ ಹೋಗಿ.